ದೊರೆ ಕೊಟ್ಟ ಮೀನಿನ ತೊಟ್ಟಿ

ಸೇಲಂನ ಗುಗೈ ಬೀದಿಯ ನೇಕಾರ ದಾಸಪ್ಪ ಅಮ್ಮಾಪೇಟೆಗೆ ಮನೆ ಬದಲಿಸಿದ ದಿನ, ಮಗ್ಗ, ಪಾತ್ರೆ, ಹೆಂಡತಿ ರಾಜಾತಿ ಎಲ್ಲ ಬೆಳಿಗ್ಗೆಯೇ ಗಾಡಿಯಲ್ಲಿ ಹೋಗಿಯಾಗಿತ್ತು. ಉಳಿದದ್ದು ಗಾಜಿನ ತೊಟ್ಟಿಯೊಂದೇ. ಬಿಳಿ ದೊರೆಯೊಬ್ಬ ಊರು ಬಿಡುವಾಗ ಅವನ ನೇಯ್ಗೆ ಮೆಚ್ಚಿ ಕೊಟ್ಟದ್ದು. ಒಳಗೆ ಎರಡು ಕೆಂಪು ಮೀನು. ಗಾಡಿಯ ಕುಲುಕಾಟಕ್ಕೆ ಗಾಜು ಒಡೆದೀತೆಂದು ತಾನೇ ತಲೆಯ ಮೇಲೆ ಹೊತ್ತು ಹೊರಟ.

"ಮೀನ ಚೆಂಬಲ್ಲಿ ಆಕ್ಕೊಂಡು ಓಗಪ್ಪಾ," ಎಂದಳು ಪಕ್ಕದ ಮನೆಯ ಚಿನ್ನಕ್ಕ.

"ದೊರೆ ಕೊಟ್ಟಿದ್ದು ಚಿನ್ನಕ್ಕಾ. ನೀರು ಸಮೇತ ಓದ್ರೇನೇ ಮರ್ಯಾದೆ!"

ಎರಡು ಬೀದಿ ದಾಟುವಷ್ಟರಲ್ಲಿ ಆ ಮರ್ಯಾದೆ ಸೋರತೊಡಗಿತು. ಮೂಲೆಯ ಅಂಟು ಬಿಟ್ಟು, ನೀರು ಬೆನ್ನಿಳಿದು, ಉಟ್ಟಿದ್ದ ವೇಷ್ಟಿ ತೊಡೆಗೆ ಮೆತ್ತಿಕೊಂಡಿತು. ಎರಡು ಕೈಯೂ ಮೇಲಿವೆ, ಮುಚ್ಚಿಕೊಳ್ಳುವುದು ಹೇಗೆ?

"ಯಾಕಣ್ಣಾ, ಅಷ್ಟು ಅವಸರಮಾ? ತಡ್ಕೊಳಾಕೆ ಆಗ್ಲಿಲ್ವಾ?" ಎಂದು ಜಗುಲಿಯ ಮೇಲಿದ್ದವಳೊಬ್ಬಳು ಕೇಳಿದಳು. ಬೀದಿಯೆಲ್ಲ ನಕ್ಕಿತು. ದಾಸಪ್ಪ ಮಳೆಯಲ್ಲಿ ನೆನೆದ ಕೋಳಿಯ ಹಾಗೆ ಕಾಲುಗಳನ್ನು ಒತ್ತಿಕೊಂಡು ನಡೆದ.

ತಿರುವಿನ ಅರವಟ್ಟಿಗೆ ಸೇರಿದಾಗ ಉಳಿದದ್ದು ಬೊಗಸೆ ನೀರು. ಮೀನುಗಳು ಮಗ್ಗುಲಾಗಿ ಬಾಯಿ ಬಿಡುತ್ತಿದ್ದವು. ಅರವಟ್ಟಿಗೆ ನಡೆಸುವ ಸುಬ್ಬರಾಯನ್, ಮೀನು ಮಾರುವವಳು ಬೀದಿಯಲ್ಲಿ ಹಾದುಹೋದರೂ ಸ್ನಾನ ಮಾಡುವ ಮಡಿವಂತ. ಪುಣ್ಯಕ್ಕೆ ಅವನು ಅಲ್ಲಿರಲಿಲ್ಲ. ಒಂದು ಗಳಿಗೆಯ ಮಟ್ಟಿಗೆ ಅಷ್ಟೇ ಎಂದುಕೊಂಡು ದಾಸಪ್ಪ ಮೀನುಗಳನ್ನು ಕುಡಿಯುವ ನೀರಿನ ಹಂಡೆಗೆ ಬಿಟ್ಟ. ತೊಟ್ಟಿಯನ್ನು ಗೋಡೆಯ ಮರೆಗಿಟ್ಟು, ಯಾರ ಮನೆಯಲ್ಲಾದರೂ ಚೆಂಬು ಕೇಳಲು ಓಡಿದ.

ಚೆಂಬು ಹಿಡಿದು ಬಂದರೆ ಹಂಡೆಯ ಸುತ್ತ ಜನವೋ ಜನ. ಕರ್ಪೂರ ಉರಿಯುತ್ತಿತ್ತು.

"ಮೀನಾಚ್ಚಿ ಅಮ್ಮ ಬಂದವ್ಳೆ! ಚಿನ್ನದ ಮೀನಾಗಿ ಬಂದವ್ಳೆ, ಪಾರುಂಗ, ನೋಡ್ರಪ್ಪಾ!" ಎಂದು ಸುಬ್ಬರಾಯನ್ ಕಣ್ಣೀರಿಡುತ್ತ ಹಂಡೆಯ ನೀರನ್ನು ಎಲ್ಲರಿಗೂ ತೀರ್ಥವಾಗಿ ಹಂಚುತ್ತಿದ್ದ. ಹುಟ್ಟಿದಾರಭ್ಯ ಮೀನಿನ ವಾಸನೆ ಕಾಣದ ಮುದುಕಿಯರು ಕಣ್ಣಿಗೊತ್ತಿಕೊಂಡು ಕುಡಿಯುತ್ತಿದ್ದರು.

ದಾಸಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಡೆಯಲಾರದೆ ಸುಬ್ಬರಾಯನ್‌ನನ್ನು ಗೋಡೆಯ ಹಿಂದಕ್ಕೆ ಎಳೆದುಕೊಂಡು ಹೋಗಿ ಕಾಲು ಹಿಡಿದ. "ಅಣ್ಣಾ, ತಪ್ಪಾಯ್ತು. ಅವು ನನ್ ಮೀನು. ನಾನೇ ಬುಟ್ಟಿದ್ದು."

ಸುಬ್ಬರಾಯನ್ ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದ: "ಗೊತ್ತು ಕಣ್ಲಾ. ನಿನ್ ತೊಟ್ಟಿ ಇಲ್ಲೇ ಐತಲ್ಲ."

"ಗೊತ್ತಿದ್ದೂ...?"

"ಎರಡು ಚೆಂಬು ಕುಡುದು ಬಗ್ಗಿ ನೋಡ್ತೀನಿ, ಒಳಗೆ ಮೀನು! ಸುತ್ತ ಜನ ನಿಂತವ್ರೆ. ಸುಬ್ಬರಾಯನ್ ಮೀನ್ ನೀರು ಕುಡುದ ಅನ್ನುಸ್ಕೊಳ್ಳಾದಾ? ಅಮ್ಮ ಬಂದವ್ಳೆ ಅಂದ್ಬುಟ್ಟೆ. ಈಗ ನೀನು ಬಾಯಿ ಬುಟ್ಯೋ, ಕುಡುದೋರೆಲ್ಲಾ ಸೇರಿ ನಿನ್ ಬೆನ್ನು ಮುರೀತಾರೆ. ಬಾ, ತೀರ್ಥ ತಗೊ."

ದಾಸಪ್ಪ ತಲೆ ತಗ್ಗಿಸಿ ಕುಡಿದ. ಮೀನುಗಳು ಮೇಳತಾಳದೊಂದಿಗೆ ಗುಡಿಯ ಕೊಳ ಸೇರಿದವು.

ಮೀನು ದಾರಿಯಲ್ಲೇ ಸತ್ತವೆಂದು ಹೊಸ ಮನೆಯಲ್ಲಿ ಹೆಂಡತಿಗೆ ಸುಳ್ಳು ಹೇಳಿದ. ಆದರೆ ಅಮ್ಮ ಮೀನಾಗಿ ಬಂದ ಸುದ್ದಿ ಅವನಿಗಿಂತ ಮುಂಚೆ ಅಲ್ಲಿಗೆ ಮುಟ್ಟಿತ್ತು. ರಾಜಾತಿ ಹೊಸ ನೆರೆಹೊರೆಯವರನ್ನೂ ಕಟ್ಟಿಕೊಂಡು, ಅವನನ್ನು ಕೊಳದ ದಡಕ್ಕೆ ಎಳೆದೊಯ್ದಳು. ನೀರಿಗೆ ಬಗ್ಗಿ ನೋಡಿ ಗಲ್ಲ ಗಲ್ಲ ಬಡಿದುಕೊಂಡಳು.

"ಎಂಥಾ ಕಳೆ! ನಮ್ಮನೇವೂ ಇದ್ವು, ಬಾಡಿದ ಮೆಣಸಿನ್ಕಾಯಿ ಅಂಗೆ. ಅವು ಸತ್ತಿದ್ದೇ ಒಳ್ಳೇದಾಯ್ತು. ಯಾಕಿಂಗೆ ನಿಂತಿದ್ದೀರಾ? ಅಡ್ಡಬೀಳ್ರೀ!"

ಎಲ್ಲರೂ ನೋಡುತ್ತಿದ್ದಂತೆ ದಾಸಪ್ಪ ಉದ್ದಕ್ಕೆ ಅಡ್ಡಬಿದ್ದ.