ಬೆಣ್ಣೆಹಣ್ಣಿನ ಭಾನುವಾರ

ಅಕ್ಕ ತನ್ನ ಹಿತ್ತಲಿನ ಬೆಣ್ಣೆಹಣ್ಣು ಒಂದು ಬುಟ್ಟಿ ಕಳಿಸಿದ್ದೇ ಇಷ್ಟಕ್ಕೆಲ್ಲ ಮೂಲ. ವಾರವಿಡೀ ಕಲ್ಲಿನಂತೆ ಕೂತಿದ್ದ ಅವು ಭಾನುವಾರ ಬೆಳಿಗ್ಗೆ, ಮಾತಾಡಿಕೊಂಡವರ ಹಾಗೆ, ಎಲ್ಲವೂ ಒಟ್ಟಿಗೇ ಮೆತ್ತಗಾದವು.

ಲಿಫ್ಟ್ ಮೆಕ್ಯಾನಿಕ್ ಅಕ್ಕನಿಗೆ ಫೋನ್ ಮಾಡಿದ. "ಒಬ್ಬನೇ ಎಷ್ಟು ತಿನ್ನಲಿ?"

"ನೀನೊಬ್ಬನೇ ತಿನ್ನು ಅಂತ ಕಳಿಸಿದೆನಾ? ಅಕ್ಕಪಕ್ಕದವರನ್ನ ಕರಿ, ನಾಲ್ಕು ಮಾತಾಡು. ಮೊನ್ನೆ ರಾಂಗ್ ನಂಬರ್ ಬಂದಾಗ ಅವರಿಗೆ ಊಟ ಆಯ್ತಾ ಅಂತ ಕೇಳಿದೆಯಂತಲ್ಲ."

ಕೇಳಿದ್ದು ನಿಜ. ಆಗಿತ್ತಂತೆ.

ಈ ಕಟ್ಟಡಕ್ಕೆ ಬಂದು ವರ್ಷವಾದರೂ ಅವನ ಬಾಗಿಲನ್ನು ಯಾರೂ ತಟ್ಟಿರಲಿಲ್ಲ. ಜನಕ್ಕೆ ಅವನ ನೆನಪಾಗುವುದು ಲಿಫ್ಟಿನೊಳಗೆ ಸಿಕ್ಕಿಬಿದ್ದಾಗ ಮಾತ್ರ. ಬಿಡಿಸಿದ ಮೇಲೆ ಜೈಲಿನಿಂದ ಬಿಡುಗಡೆಯಾದವರಂತೆ ಹಿಂತಿರುಗಿಯೂ ನೋಡುತ್ತಿರಲಿಲ್ಲ. ಹೇಳದೆ ಉಳಿದ ಕತೆಗಳು ಅವನ ಗಂಟಲಲ್ಲಿ ಕ್ಯೂ ನಿಂತಿದ್ದವು. ಎಲ್ಲಕ್ಕೂ ಮುಂದೆ ನಿಂತಿದ್ದು, ತನ್ನ ಹಳೇ ಪ್ರೇಯಸಿಯ ಜೊತೆ ಲಿಫ್ಟಿನಲ್ಲಿ ಸಿಕ್ಕಿಬಿದ್ದ ಮದುವೆ ಗಂಡಿನ ಕತೆ.

ಧೈರ್ಯ ಮಾಡಿ ಮೂರು ಬಾಗಿಲು ತಟ್ಟಿ, ಬೆಣ್ಣೆಹಣ್ಣಿಗೆ ಬನ್ನಿ ಎಂದು ಕರೆದ.

ಎದುರು ಮನೆಯ ನಿವೃತ್ತ ಮೇಷ್ಟ್ರು ಬ್ರೆಡ್ ಹಿಡಿದೇ ಬಂದರು. "ಉಪ್ಪು, ಮೆಣಸಿನ ಪುಡಿ, ನಿಂಬೆರಸ. ಇಷ್ಟೇ ಕಣಯ್ಯ. ಬೇರೆ ಏನು ಹಾಕಿದರೂ ಹಣ್ಣಿಗೆ ಅವಮಾನ."

ಹಿಂದೆಯೇ ಕೆಳಮನೆಯ, ಮಾತು ನಿಲ್ಲಿಸದ ರೇಡಿಯೋ ಆಂಟಿ, ಮೊಟ್ಟೆಗಳ ಸಮೇತ. "ತಿನ್ನೋದಾ? ಅಯ್ಯೋ ಮೇಷ್ಟ್ರೇ, ಇದು ತಲೆಗೆ ಹಚ್ಚೋದು. ಕೂದಲು ರೇಷ್ಮೆ ಆಗತ್ತೆ."

"ನನ್ನ ತಲೆ ನೋಡಿ ಹೇಳಮ್ಮ," ಎಂದರು ಮೇಷ್ಟ್ರು. ಆ ತಲೆಯಲ್ಲಿ ಟ್ಯೂಬ್‌ಲೈಟು ಪೂರ್ತಿ ಕಾಣುತ್ತಿತ್ತು.

ಮೂರನೆಯವಳು ಮೇಲ್ಮನೆಯ ಬ್ಯೂಟಿ ಪಾರ್ಲರಿನಾಕೆ. "ಇಬ್ಬರದೂ ತಪ್ಪು. ಇದು ಮುಖಕ್ಕೆ."

ಮೆಕ್ಯಾನಿಕ್‌ಗೆ ಆ ಜಗಳವೂ ಸಂಗೀತದಂತೆ ಕೇಳಿಸಿತು. ಸಂತೋಷದಲ್ಲಿ ಹಣ್ಣುಗಳ ತಿರುಳನ್ನು ಮಿಕ್ಸಿಗೆ ಸುರಿದ. ಮುಚ್ಚಳ ಹಾಕುವುದನ್ನು ಮರೆತ. ಅರ್ಧ ಹಣ್ಣು ಚಾವಣಿ ಸೇರಿತು. ಉಳಿದದ್ದನ್ನು ಬಟ್ಟಲುಗಳಿಗೆ ಹಂಚಿಕೊಂಡು ಒಬ್ಬೊಬ್ಬರೂ ತಮಗೆ ಬೇಕಾದ್ದನ್ನು ಬೆರೆಸಿದರು. ಆ ಗಡಿಬಿಡಿಯಲ್ಲಿ ಮೇಷ್ಟ್ರು ಯಾವುದೋ ಬಟ್ಟಲಿಗೆ ಬ್ರೆಡ್ ಅದ್ದಿ ಬಾಯಿಗಿಟ್ಟರು.

"ಉಪ್ಪು ಕಮ್ಮಿ."

"ಅದು ನನ್ನ ತಲೆಗೆ ಹಚ್ಚೋದು," ಎಂದಳು ಆಂಟಿ. "ಹಸಿ ಮೊಟ್ಟೆ ಇದೆ ಅದರಲ್ಲಿ."

ಮೇಷ್ಟ್ರ ಮುಖ ಹಣ್ಣಿನ ಬಣ್ಣಕ್ಕೆ ತಿರುಗಿತು. ಎಲ್ಲರೂ ನಕ್ಕರು. ಆ ಗೋಡೆಗಳಿಗೆ ಅಂಥ ಸದ್ದಿನ ಪರಿಚಯವೇ ಇರಲಿಲ್ಲ.

"ಮೊಟ್ಟೆ ಬಿದ್ದಿದ್ಯಾ? ಹಾಗಾದ್ರೆ ಮುಖಕ್ಕೆ ಇನ್ನೂ ಒಳ್ಳೇದು," ಎಂದು ಪಾರ್ಲರಿನಾಕೆ ಬಟ್ಟಲು ಕಿತ್ತುಕೊಂಡು, ಕೇಳದೆಯೇ ಮೂವರಿಗೂ ಮೆತ್ತಿದಳು.

ಇದೇ ಸಮಯವೆಂದು ಮೆಕ್ಯಾನಿಕ್ ಕುರ್ಚಿ ಎಳೆದುಕೊಂಡ. "ಒಂದು ಸಲ ಏನಾಯ್ತು ಅಂದ್ರೆ, ಮದುವೆ ಗಂಡು ಒಬ್ಬ..."

"ಶ್. ಒಣಗೋವರೆಗೂ ತುಟಿ ಅಲ್ಲಾಡಬಾರದು. ಮುಖದಲ್ಲಿ ಗೆರೆ ಬಿದ್ರೆ ಆಮೇಲೆ ನನ್ನ ಕೇಳ್ಬೇಡಿ," ಎಂದು ಪಾರ್ಲರಿನಾಕೆ ತಾನೂ ಹಚ್ಚಿಕೊಂಡಳು.

ರೇಡಿಯೋ ಆಂಟಿ ಕೂಡ ಸ್ಟೇಷನ್ ಮುಚ್ಚಿದಳು. ನಾಲ್ಕು ಹಸಿರು ಮುಖಗಳು ಗೋಡೆಗೆ ಒರಗಿ ಕಣ್ಣು ಮುಚ್ಚಿದವು. ಅಲ್ಲ, ಮೂರು ಮುಚ್ಚಿದವು. ನಾಲ್ಕನೆಯದು ಉಳಿದ ಮೂರನ್ನೂ ಒಂದೊಂದಾಗಿ ನೋಡುತ್ತ ಕೂತಿತ್ತು. ಮನೆ ತುಂಬ ಜನ. ಚಾವಣಿಯಿಂದ ಹಣ್ಣು ತೊಟ್ಟಿಕ್ಕುವುದೂ ಕೇಳುತ್ತಿತ್ತು.

ಮುಖ ತೊಳೆದದ್ದೇ ತಡ, ಮೆಕ್ಯಾನಿಕ್ ಬಾಯಿ ತೆರೆದ. ಅಷ್ಟರಲ್ಲಿ ಮೇಷ್ಟ್ರು ಅವನ ಹೆಗಲು ತಟ್ಟಿದರು.

"ನಮ್ಮನೇಲಿ ಒಂದು ಕ್ಷಣ ನೆಮ್ಮದಿ ಇಲ್ಲ ಕಣಯ್ಯ. ಇಲ್ಲಿ ನೋಡು, ಮಾತಿಲ್ಲ ಕತೆಯಿಲ್ಲ."

"ನನ್ನ ಗಂಟಲಿಗೂ ರಜಾ ಸಿಕ್ಕಿದ ಹಾಗಾಯ್ತು," ಎಂದಳು ಆಂಟಿ. "ಇನ್ಮೇಲೆ ಪ್ರತಿ ಭಾನುವಾರ ಇಲ್ಲೇ ಬರೋಣ."

ಮೆಕ್ಯಾನಿಕ್‌ನ ಕಣ್ಣು ಅರಳಿತು. "ಬನ್ನಿ ಬನ್ನಿ. ಹಣ್ಣು ಅಕ್ಕ ಕಳಿಸ್ತಾಳೆ."

"ಹಣ್ಣು ಯಾಕಪ್ಪ, ಸುಮ್ಮನೆ ಕೂತು ಹೋಗ್ತೀವಿ," ಎಂದಳು ಪಾರ್ಲರಿನಾಕೆ, ಚಪ್ಪಲಿ ಮೆಟ್ಟುತ್ತ. "ನೀವು ಮಾತ್ರ ಹೀಗೇ ಇರಿ. ಬಾಯಿ ಬಿಡದ ಮನುಷ್ಯರು ಈ ಕಾಲದಲ್ಲಿ ಎಲ್ಲಿ ಸಿಗ್ತಾರೆ?"

ಮೆಕ್ಯಾನಿಕ್ ಆಗಲಿ ಎಂಬಂತೆ ತಲೆಯಾಡಿಸಿದ.