ಮೇಲೇಳುವ ಮೇಜು, ಏಳದ ನೆಂಟರು

ವುಕಾಶಿನ್ ಮಾಡಿದ ತಪ್ಪು ಒಂದೇ. ಮನೆಸಂತನ ಹಬ್ಬದ ದಿನ ಬೆಳಗ್ಗೆ ಮೊದಲ ಅತಿಥಿಯಾಗಿ ಬಂದ ಪಕ್ಕದ ಮನೆಯ ದೆಸಾಂಕ ಇನ್ನೂ ಕೋಟು ಕೂಡ ಬಿಚ್ಚಿರಲಿಲ್ಲ, ಅಷ್ಟರಲ್ಲಿ ಅವಳ ಮುಖಕ್ಕೆ ಫೋನು ಹಿಡಿದು, “ಈ ಮೂರು ಮೇಜಲ್ಲಿ ಯಾವುದು ತಗೊಳ್ಳಲಿ, ಸ್ವಲ್ಪ ಹೇಳಿ” ಎಂದುಬಿಟ್ಟ. ಸರ್ಬಿಯಾದ ನೀಶ್ ಊರಿನಲ್ಲೇ ಹುಟ್ಟಿ ಬೆಳೆದವನಿಗೆ ನೆರೆಯವರ ಅಭಿಪ್ರಾಯ ಕೇಳಬಾರದೆಂದು ತಿಳಿಯದ್ದೇನಲ್ಲ. ಆದರೆ ಸೊಂಟನೋವು ಹೆಚ್ಚಾದಾಗ ಬುದ್ಧಿಯೂ ಮಂಕಾಗುತ್ತದೆ.

ಸೊಂಟ ಹಾಳಾದದ್ದು ಅಡುಗೆಮನೆಯಲ್ಲಿ. ಹಾಲೆಂಡಿನ ಕಂಪನಿಯೊಂದರ ಬಟ್ಟೆ ಒಗೆಯುವ ಯಂತ್ರಗಳ ಕೈಪಿಡಿಯನ್ನು ಇಂಗ್ಲಿಷಿನಿಂದ ಸರ್ಬಿಯನ್ ಭಾಷೆಗೆ ತರುವುದು ಅವನ ಕೆಲಸ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಬೆನ್ನು ಬಾಗಿಸಿ, ವರ್ಷಗಟ್ಟಲೆ “ಗುಂಡಿ ಒತ್ತಿರಿ, ಬಾಗಿಲು ತೆರೆಯಬೇಡಿ” ಎಂದು ಬರೆದೂ ಬರೆದೂ, ಈಗ ಬೆಳಗ್ಗೆ ಅವನ ಕಾಲುಚೀಲವನ್ನು ಹೆಂಡತಿ ಯಾಸ್ನಾ ಹಾಕಬೇಕಾದ ಸ್ಥಿತಿ. ಡಾಕ್ಟರು ಇಡೀ ದಿನ ಕೂರಬೇಡ, ಅರ್ಧ ದಿನ ನಿಂತು ಕೆಲಸ ಮಾಡು ಎಂದಿದ್ದರು.

ದೇವರು ಕಣ್ಣು ಬಿಟ್ಟನೋ ಏನೋ, ಮನೆಯಿಂದ ಕೆಲಸ ಮಾಡುವವರಿಗೆಲ್ಲ ಒಂದೊಂದು ಮೋಟಾರು ಮೇಜು ಕೊಡಿಸುವುದಾಗಿ ಕಂಪನಿ ಹೇಳಿತು. ಗುಂಡಿ ಒತ್ತಿದರೆ ಮೇಲೇಳುತ್ತದೆ, ಮತ್ತೆ ಒತ್ತಿದರೆ ಇಳಿಯುತ್ತದೆ. ಆದರೆ ಬೆಲೆಗೊಂದು ಮಿತಿ ಇತ್ತು. ಅದಕ್ಕಿಂತ ಮೇಲೆ ಒಂದು ದಿನಾರವನ್ನೂ ಮನೆಯಿಂದ ಹಾಕುವುದಿಲ್ಲವೆಂದು ಯಾಸ್ನಾ ಮೊದಲೇ ಘೋಷಿಸಿದ್ದಳು. ಹೀಗಾಗಿ ವುಕಾಶಿನ್ ವಾರಗಟ್ಟಲೆ ಹುಡುಕಿದ. ಅಗ್ಗದ್ದು ಮೇಲೆದ್ದಾಗ ಅಲುಗಾಡುತ್ತದೆ. ಅಲುಗಾಡದ್ದು ದುಬಾರಿ. ಎರಡೂ ಅಲ್ಲದ್ದು ಹಳೇ ಟ್ರ್ಯಾಕ್ಟರಿನಂತೆ ಸದ್ದು ಮಾಡುತ್ತದೆ. ಜರಡಿ ಹಿಡಿದೂ ಹಿಡಿದೂ ಮೂರು ಉಳಿದವು. ಇವತ್ತು ಸಂಜೆ ಐದರ ಆನ್‌ಲೈನ್ ಸಭೆಯಲ್ಲಿ ಒಂದರ ಹೆಸರು ಹೇಳಬೇಕು. ಹೇಳದಿದ್ದರೆ ಅವಕಾಶ ತಪ್ಪಿದಂತೆ.

ಇವತ್ತೇ ಬರಬೇಕೇ ಸಂತ ನಿಕೊಲಾನ ಹಬ್ಬ! ನಮ್ಮಲ್ಲಿ ಮನೆಸಂತನ ಹಬ್ಬಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ, ಕರೆಯುವ ಅಗತ್ಯವೂ ಇಲ್ಲ. ಒಮ್ಮೆ ಬಂದವರು ಬದುಕಿರುವವರೆಗೂ ಬರುತ್ತಾರೆ. ಬಂದವರನ್ನು ಏಳಿ ಎನ್ನುವಂತಿಲ್ಲ. ಕೊನೆಯ ಅತಿಥಿ ಹೊರಡುವ ತನಕ ಮನೆಯ ಯಜಮಾನ ಕೂರುವಂತೆಯೂ ಇಲ್ಲ. ಬೆಳಗ್ಗೆ ಮೇಣದ ಬತ್ತಿ ಹೊತ್ತಿಸಿದ ಮೇಲೆ ಅವನು ಸಂತನ ಗೌರವಕ್ಕಾಗಿ ನಿಂತಿರಬೇಕು, ಬಡಿಸಬೇಕು, ನಗುತ್ತಿರಬೇಕು. ಡಾಕ್ಟರು ಹೇಳಿದ ಅರ್ಧ ದಿನದ ಲೆಕ್ಕ ಸಂತ ನಿಕೊಲಾನಿಗೆ ಗೊತ್ತಿರಲಿಲ್ಲ.

ದೆಸಾಂಕ ಹಬ್ಬಕ್ಕೆಂದು ಬೇಯಿಸಿಟ್ಟ ಸಿಹಿಗೋಧಿಯನ್ನು ಒಂದು ಚಮಚ ಬಾಯಿಗೆ ಹಾಕಿಕೊಂಡು, ಶಿಲುಬೆಯ ಗುರುತು ಮಾಡಿ, ಫೋನು ನೋಡಿದಳು.

“ಮೇಜು ಯಾಕೆ ಮಗಾ? ನಿನ್ನ ಸೊಂಟಕ್ಕೆ ಹತ್ತಿರೋದು ಗಾಳಿ. ಆ ಕಿಟಕಿ, ಈ ಬಾಗಿಲು, ಎರಡೂ ತೆಗೆದಿಟ್ಟು ಮಧ್ಯೆ ಕೂರ್ತೀಯ. ಸೊಂಟ ಉಳಿಯತ್ತಾ?”

“ಕಿಟಕಿ ಹಾಕೇ ಇದೆ ದೆಸಾಂಕಮ್ಮ.”

“ಹೋದ ಬೇಸಿಗೇಲಿ ತೆಗೆದಿತ್ತು, ನಾನೇ ನೋಡಿದೀನಿ!” ಎಂದು ಅವಳು ಹಾಕಿದ್ದ ಕಿಟಕಿಯನ್ನೇ ಇನ್ನಷ್ಟು ಒತ್ತಿ ಹಾಕಿದಳು.

ಅಷ್ಟರಲ್ಲಿ ಮೂರನೇ ಮಹಡಿಯ ಮಿಲುತಿನ್ ಬಂದ. ಲಿಫ್ಟ್ ರಿಪೇರಿ ಮಾಡಿ ನಿವೃತ್ತನಾದವನು. ಮೋಟಾರು ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಹಣ್ಣಿನ ಸಾರಾಯಿ ರಾಕಿಯಾದ ಲೋಟವನ್ನೂ ಮರೆತು ಫೋನು ಕಿತ್ತುಕೊಂಡ.

“ಒಂದೇ ಮೋಟಾರಾ? ಹುಚ್ಚು ಹಿಡಿದಿದೆಯಾ? ಒಂದು ಮೋಟಾರು ಕೈ ಕೊಟ್ಟರೆ ಮಧ್ಯದಲ್ಲೇ ನಿಂತುಬಿಡತ್ತಪ್ಪ!”

“ಅದರೊಳಗೆ ನಾನೇನು ಹತ್ತಿ ಕೂರ್ತೀನಾ ಮಿಲುತಿನ್?”

“ಇವತ್ತು ಲ್ಯಾಪ್‌ಟಾಪ್ ಇಡ್ತೀಯ. ನಾಳೆ ನಿಮ್ಮತ್ತೆ ಬಂದು ಎಲೆಕೋಸಿನ ಉಪ್ಪಿನಕಾಯಿ ಪೀಪಾಯಿ ಇಡ್ತಾಳೆ. ಆಗ ನನ್ನನ್ನು ಕರೀಬೇಡ.”

ತನ್ನ ತಾಯಿಯ ಮಾತೆತ್ತಿದ್ದಕ್ಕೆ ಯಾಸ್ನಾ ಮುಖ ಊದಿಸಿಕೊಂಡು ಒಳಗೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಮನೆ ತುಂಬಿತು. ಮಲಗುವ ಕೋಣೆಯ ತುಂಬ ಕೋಟುಗಳ ರಾಶಿ, ಅಡುಗೆಮನೆಯ ಸ್ಟೂಲಿನ ಮೇಲೆ ಕೂತಲ್ಲೇ ನಿದ್ದೆ ಹೋದ ಒಬ್ಬ ಮಾವ, ಊಟದ ಮೇಜಿನ ಸುತ್ತ ಮೊಣಕೈಗೆ ಮೊಣಕೈ. ವುಕಾಶಿನ್ ಮೀನಿನ ತಟ್ಟೆ ಹಿಡಿದು ಸುತ್ತುತ್ತಿದ್ದ. ಪ್ರತಿ ಸುತ್ತಿಗೂ ಸೊಂಟ ಒಂದೊಂದು ಶಾಪ ಹಾಕುತ್ತಿತ್ತು. ಫೋನು ಕೈಯಿಂದ ಕೈಗೆ ಹೋಗಿ, ಒಮ್ಮೆ ಬೀನ್ಸ್ ಕಾಳಿನ ಬಟ್ಟಲಲ್ಲಿ ಮುಳುಗಿ, ಬ್ರೆಡ್ಡಿನಿಂದ ಒರೆಸಿಕೊಂಡು ಮತ್ತೆ ಮೇಲೆ ಬಂತು.

ಆಮೇಲೆ ಬಂದವನು ಬೋಶ್ಕೊ. ವುಕಾಶಿನ್‌ನ ಮದುವೆಗೆ ಸಾಕ್ಷಿ ನಿಂತವನು, ಅಂದರೆ ಅವನ ಕೂಮ; ಇಬ್ಬರೂ ಒಬ್ಬರನ್ನೊಬ್ಬರು ಹಾಗೆಂದೇ ಕರೆಯುತ್ತಾರೆ. ಒಡಹುಟ್ಟಿದವನ ಮಾತನ್ನು ಬೇಕಾದರೆ ತಳ್ಳಿಹಾಕಬಹುದು, ಕೂಮನ ಮಾತನ್ನು ತಳ್ಳಿಹಾಕುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ.

“ಕೂಮ, ಎತ್ತರ ಅಳೆದಿದೀಯಾ?” ಎಂದ ಬೋಶ್ಕೊ.

“ಅಳೆದಿದೀನಿ.”

“ನೀನು ಅಳೆದರೆ ಆಯ್ತಾ? ಟೇಪು ತಗೊಂಬಾ!”

ವುಕಾಶಿನ್‌ನನ್ನು ಗೋಡೆಗೆ ಒರಗಿಸಿದರು. ಕೈ ಮಡಿಸು ಅಂದರು, ಚಾಚು ಅಂದರು, ಉಸಿರು ಹಿಡಿ ಅಂದರು. ದೆಸಾಂಕ ಮೊಣಕೈ ಅಳೆದಳು, ಮಿಲುತಿನ್ ಹೊಟ್ಟೆ ಅಳೆದ, ಬೋಶ್ಕೊ ನೆಲದಿಂದ ಭುಜದವರೆಗೆ ಅಳೆದ. ಮೂವರಿಗೂ ಮೂರು ಅಳತೆ ಬಂತು, ಮೂವರೂ ಜಗಳಕ್ಕೆ ನಿಂತರು. ಅತ್ತ ಗಡಿಯಾರ ಓಡುತ್ತಿತ್ತು.

“ಅಯ್ಯಾ, ನಿಮ್ಮ ದಮ್ಮಯ್ಯ!” ವುಕಾಶಿನ್ ಕೊನೆಗೂ ಕೂಗಿದ. “ಐದು ಗಂಟೆಗೆ ನಾನು ಹೆಸರು ಹೇಳಬೇಕು. ಹೇಳದೇ ಇದ್ರೆ ಜೀವಮಾನ ಪೂರ್ತಿ ಆ ಸ್ಟೂಲೇ ಗತಿ. ಯಾವುದಾದ್ರೂ ಒಂದು ಹೇಳಿ!”

ನಿಜವಾಗಿಯೂ ಅವನ ಕಣ್ಣಲ್ಲಿ ನೀರು ಬಂದಿತ್ತು. ಮಿಲುತಿನ್ ಫೋನು ಎತ್ತಿಕೊಂಡು ನೋಡಿ, “ಮಧ್ಯದ್ದು. ಎರಡು ಮೋಟಾರು ಇದೆ, ಬೆಲೆಯೂ ಮಿತಿಯೊಳಗೇ ಇದೆ” ಎಂದ. ಬೋಶ್ಕೊ ತಲೆದೂಗಿದ. ದೆಸಾಂಕ ಕೂಡ, “ಬಣ್ಣ ಚೆನ್ನಾಗಿದೆ” ಎಂದಳು. ನೀಶ್‌ನ ಜನ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದನ್ನು ಕಂಡು ವುಕಾಶಿನ್‌ಗೆ ಸೊಂಟನೋವೇ ಒಂದು ಕ್ಷಣ ಮರೆತುಹೋಯಿತು. ಅವರನ್ನೆಲ್ಲ ತಬ್ಬಿಕೊಳ್ಳಬೇಕೆನಿಸಿತು.

ಐದಾಯಿತು. ಕೂರಲು ಎಲ್ಲೂ ಜಾಗವಿರಲಿಲ್ಲ, ಇದ್ದರೂ ಅವನು ಕೂರುವಂತಿರಲಿಲ್ಲ. ಲ್ಯಾಪ್‌ಟಾಪನ್ನು ಪಾತ್ರೆಯ ಕಪಾಟಿನ ಮೇಲಿಟ್ಟು ಅದರೆದುರು ನಿಂತ. ಪರದೆಯಲ್ಲಿ ಮೇಲಧಿಕಾರಿ ಆನ್ನೆಕೆಯ ಮುಖ ಮೂಡಿತು. ಸುತ್ತ ಬೇರೆ ಬೇರೆ ದೇಶದ ಸಹೋದ್ಯೋಗಿಗಳು, ಎಲ್ಲರೂ ಬೆನ್ನು ಬಾಗಿಸಿ ಕೂತವರು.

“ಅರೆ, ವುಕಾಶಿನ್!” ಆನ್ನೆಕೆ ಕಣ್ಣರಳಿಸಿದಳು. “ನೀವು ನಿಂತಿದೀರಾ?”

“ಹೌದು ಮೇಡಂ, ಇವತ್ತು ಏನಂದ್ರೆ...”

ಮುಂದೆ ಮಾತಾಡಲು ದೆಸಾಂಕ ಬಿಡಬೇಕಲ್ಲ! ಸ್ಟುಟ್‌ಗಾರ್ಟಿನಲ್ಲಿ ಬಹಳ ಕಾಲ ದುಡಿದು ಬಂದವಳು. ಆನ್ನೆಕೆಗೆ ಜರ್ಮನ್ ಬರುತ್ತದೆಂದು ಎಂದೋ ಕೇಳಿಸಿಕೊಂಡಿದ್ದಳು. ಅವನ ಕಂಕುಳ ಕೆಳಗಿನಿಂದ ತಲೆ ತೂರಿಸಿ ಜರ್ಮನ್ ಭಾಷೆಯಲ್ಲಿ ಶುರುಮಾಡಿದಳು. ವುಕಾಶಿನ್‌ಗೆ ಅದರಲ್ಲಿ ಒಂದಕ್ಷರವೂ ಅರ್ಥವಾಗಲಿಲ್ಲ. ಆನ್ನೆಕೆ ಏನೋ ಕೇಳಿದಳು, ದೆಸಾಂಕ ಎದೆ ತಟ್ಟಿಕೊಂಡು ಉತ್ತರ ಹೇಳಿದಳು. ಆನ್ನೆಕೆ ಚಪ್ಪಾಳೆ ತಟ್ಟಿದಳು, ಅವಳನ್ನು ನೋಡಿ ಪರದೆಯಲ್ಲಿದ್ದವರೆಲ್ಲ ತಟ್ಟಿದರು. ಚಪ್ಪಾಳೆ ಕೇಳಿ ಮೇಜಿನ ಸುತ್ತ ಇದ್ದವರು ಲೋಟ ಎತ್ತಿದರು.

“ಅದ್ಭುತ!” ಎಂದಳು ಆನ್ನೆಕೆ, ಈಗ ಸಹೋದ್ಯೋಗಿಗಳಿಗೆಲ್ಲ ತಿಳಿಯುವ ಇಂಗ್ಲಿಷಿನಲ್ಲಿ. “ಅಂದ್ರೆ ನೀವೇ ನಿಂತು ಕೆಲಸ ಮಾಡೋ ವ್ಯವಸ್ಥೆ ಮಾಡ್ಕೊಂಡುಬಿಟ್ಟಿದೀರಿ! ಬೆಳಗ್ಗೆಯಿಂದ ಒಂದು ಕ್ಷಣವೂ ಕೂತಿಲ್ವಂತೆ, ಸೊಂಟ ಕಲ್ಲಿನಷ್ಟು ಗಟ್ಟಿಯಂತೆ. ನಮ್ಮಲ್ಲಿ ಒಬ್ಬರಿಗೆ ಮೇಜು ಕಮ್ಮಿ ಬಿದ್ದಿತ್ತು. ನಿಮ್ಮ ಪಾಲಿನದನ್ನ ಪೋರ್ಚುಗಲ್‌ನ ತೆರೇಸಾಗೆ ಬರೆದುಬಿಟ್ಟೆ, ಈಗಲೇ ಆರ್ಡರ್ ಕಳಿಸಿಯೂ ಆಯ್ತು. ಇನ್ನು ಪ್ರತಿ ಸೋಮವಾರ ನಿಂತು ಕೆಲಸ ಮಾಡೋದು ಹೇಗೆ ಅಂತ ಎಲ್ಲರಿಗೂ ನೀವೇ ಕಲಿಸಬೇಕು!”

ವುಕಾಶಿನ್ ಬಾಯಿ ತೆರೆದ. ಆದರೆ ಇಂಗ್ಲಿಷ್ ಬಾರದ ಬೋಶ್ಕೊ, “ಆಯ್ತಲ್ಲ, ಒಪ್ಪಿದರಲ್ಲ! ಹಬ್ಬದ ದಿನ ಸಾಕು ಕೆಲಸ” ಎಂದು ಪ್ರೀತಿಯಿಂದ ಲ್ಯಾಪ್‌ಟಾಪಿನ ಮುಚ್ಚಳ ಹಾಕಿಬಿಟ್ಟ.

“ದೆಸಾಂಕಮ್ಮ,” ವುಕಾಶಿನ್ ಅವಳತ್ತ ತಿರುಗಿದ, “ಅವಳಿಗೆ ಏನು ಹೇಳಿದ್ರಿ?”

“ಇದ್ದದ್ದೇ ಹೇಳ್ದೆ ಮಗಾ. ನಮ್ಮ ಹುಡುಗ ಬೆಳಗ್ಗೆಯಿಂದ ನಿಂತಿದಾನೆ, ಅವರಪ್ಪನೂ ಹೀಗೇ ನಿಲ್ತಿದ್ದ ಅಂತ. ಸೊಂಟದ ಕತೆ ಏನು ಅಂತ ಕೇಳಿದಳು. ಪರದೇಶದವರ ಮುಂದೆ ಮನೆ ಮರ್ಯಾದೆ ಬಿಟ್ಟುಕೊಡೋಕಾಗತ್ತಾ? ಕಲ್ಲುಗುಂಡು ಅಂದೆ!”

ವುಕಾಶಿನ್‌ಗೆ ಅಳು, ಸಿಟ್ಟು, ನಗು ಮೂರೂ ಒಟ್ಟಿಗೆ ಉಕ್ಕಿದವು. ಹತ್ತಿರದ ಕುರ್ಚಿಯನ್ನು ಎಳೆದುಕೊಂಡು ಇನ್ನೇನು ಕೂರಬೇಕು, ಇಡೀ ಕೋಣೆ ಒಂದೇ ದನಿಯಲ್ಲಿ ಕಿರುಚಿತು.

“ಕೂರಬೇಡ!”

ಬಾಗಿಲ ಗಂಟೆ ಹೊಡೆಯಿತು. ಹೊಸ ಅತಿಥಿಗಳು ಬಂದಿದ್ದರು. ವುಕಾಶಿನ್ ನಗುಮುಖ ಮಾಡಿಕೊಂಡು ಬಾಗಿಲು ತೆರೆಯಲು ಹೋದ.