ಚಿಗವ್ವನ ಕೆರೆಗೆ ಆಯೇರಿ ಸೀರೆ

ನಮ್ಮ ಚಿಗವ್ವನಿಗೆ ಹೆಣ್ಣುಮಕ್ಕಳು ಎಷ್ಟು ಎಂದು ಯಾರಾದರೂ ಕೇಳಿದರೆ ಅವಳು ಮೊದಲು ಆಕಾಶ ನೋಡುತ್ತಾಳೆ. ಆಮೇಲೆ, "ಇನ್ನೂ ಬರಾಕತ್ತಾರ, ತಡೀರಿ" ಎನ್ನುತ್ತಾಳೆ. ಕೇಳಿದವರು ಹೊಸಬರಾದರೆ ಬಸ್ ನಿಲ್ದಾಣದ ಕಡೆ ತಿರುಗುತ್ತಾರೆ. ಸುರಪುರದವರಾದರೆ ತಾವೂ ಆಕಾಶ ನೋಡುತ್ತಾರೆ. ರೂಢಿಯಾಗಿಬಿಟ್ಟಿದೆ!

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ಸುರಪುರದ ಬಜಾರಿನಲ್ಲಿ ಕುಪ್ಪಸ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ಸ್ವಂತ ಮಕ್ಕಳಿಲ್ಲ. ಅವಳು ಹೇಳುವ ಹೆಣ್ಣುಮಕ್ಕಳು ಬೋನಾಳದ ಆಚೆಗಿರುವ ಒಂದು ಸಣ್ಣ ಕೆರೆಗೆ ಬರುವ ಹಕ್ಕಿಗಳು. ಬೋನಾಳದ ದೊಡ್ಡ ಕೆರೆ ಪಕ್ಷಿಧಾಮ. ಅದಕ್ಕೆ ಫಲಕವಿದೆ, ಕಾವಲಿದೆ, ಫೋಟೋ ಹಿಡಿಯಲು ಬರುವ ಜನರಿದ್ದಾರೆ. ಅಲ್ಲಿ ಜಾಗ ಸಾಲದ ಹಕ್ಕಿಗಳು ಈ ಸಣ್ಣ ಕೆರೆಗೆ ಬಂದು ಇಳಿಯುತ್ತವೆ. "ದೊಡ್ಡ ಕೆರಿಗೆ ಸರಕಾರ ಅದ. ಈ ಸಣ್ಣದಕ್ಕ ಯಾರದಾರ?" ಎಂದು ಚಿಗವ್ವ ಕೇಳಿದಳು. ಉತ್ತರಕ್ಕೆ ಕಾಯದೆ ತಾನೇ 'ಕೆರೆ ಬಳಗ' ಎಂಬ ಸಂಸ್ಥೆ ಕಟ್ಟಿದಳು. ಕಚೇರಿ ಅವಳ ಅಂಗಡಿಯೇ. ಸಭೆ ನಡೆಯುವಾಗಲೂ ಹೊಲಿಗೆ ಯಂತ್ರ ನಿಲ್ಲುವುದಿಲ್ಲ. ಯಾರಾದರೂ ವಿರೋಧದ ಮಾತು ತೆಗೆದರೆ ಇನ್ನೂ ಜೋರಾಗಿ ಓಡುತ್ತದೆ.

ಹಕ್ಕಿಗಳ ಹೆಸರನ್ನು ಅವಳು ಯಾವ ಪುಸ್ತಕದಿಂದಲೂ ಕಲಿತಿಲ್ಲ. ಉಡುಪು ನೋಡಿ ಇಟ್ಟಿದ್ದಾಳೆ. ನೇರಳೆ ಜಂಬುಕೋಳಿ ಅವಳಿಗೆ 'ನೀಲಿ ಕುಪ್ಪಸದಾಕಿ'. ಬಿಳಿ ಮೈಗೆ ಕಪ್ಪು ರೆಕ್ಕೆಯಂಚಿನ ಕೊಕ್ಕರೆ 'ಕರಿ ಅಂಚಿನ ಸೀರ್ಯಾಕಿ'. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು 'ದೂರದ ಮನಿಗಿ ಕೊಟ್ಟಾಕಿ'. "ಅಲ್ಲಿ ಅತ್ತಿ ಮನ್ಯಾಗ ಥಂಡಿ ಭಾಳ. ತವರಿಗೆ ಬಾಣಂತನಕ್ಕ ಬರ್ತಾಳ" ಎಂದು ಒಮ್ಮೆ ಹೇಳಿದಳು. ನಾನು ಎಂ.ಎ. ಓದಿದವಳು, ಸುಮ್ಮನಿರಲಾದೀತೇ? "ಚಿಗವ್ವ, ಹೆಬ್ಬಾತು ಇಲ್ಲಿ ಮೊಟ್ಟಿ ಇಡಂಗಿಲ್ಲ. ಚಳಿ ಕಳಿಯಾಕ ಅಷ್ಟೇ ಬರ್ತಾವ" ಎಂದೆ.

ಅವಳು ಯಂತ್ರ ನಿಲ್ಲಿಸಿ ನನ್ನನ್ನು ನೋಡಿದಳು. "ತವರಿಗೆ ಬರಾಕ ಬಸರೇ ಆಗಿರಬೇಕೇನು? ಸುಮ್ನ ಬರಬಾರದೇನು?"

ಎಂ.ಎ. ಮುಗಿಯಿತು.

ಇನ್ನು ಆಯೇರಿ ಸೀರೆಯ ವಿಷಯ ಹೇಳಬೇಕು. ನಮ್ಮ ಕಡೆಯ ಮದುವೆಗಳಲ್ಲಿ ಬೀಗರಿಗೆ, ಬಂಧುಗಳಿಗೆ ಬಟ್ಟೆಯ ಉಡುಗೊರೆ ಕೊಡುವುದಕ್ಕೆ ಆಯೇರಿ ಎನ್ನುತ್ತಾರೆ. ಆಯೇರಿ ಸೀರೆಯನ್ನು ಯಾರೂ ಉಡುವುದಿಲ್ಲ. ಅದು ಉಡಲೆಂದು ಹುಟ್ಟಿದ್ದೇ ಅಲ್ಲ! ಶಹಾಪುರದ ಮದುವೆಯಲ್ಲಿ ಬಂದದ್ದು ಗೋಗಿಯ ಮದುವೆಗೆ ಹೋಗುತ್ತದೆ, ಗೋಗಿಯದು ಯಾದಗಿರಿಗೆ ಹೋಗುತ್ತದೆ. ಮಡಿಕೆ ಬಿಚ್ಚದೆ ಜಿಲ್ಲೆಯೆಲ್ಲ ಸುತ್ತಿ ಒಂದು ದಿನ ಕೊಟ್ಟವರ ಮನೆಗೇ ಮರಳಿ ಬರುತ್ತದೆ. ನಮ್ಮ ಮನೆಯ ಗುಲಾಬಿ ಸೀರೆಯೊಂದು ನನಗಿಂತ ಹೆಚ್ಚು ಊರು ನೋಡಿದೆ. ಇನ್ನು ಬಟ್ಟೆಯ ಗುಣವೋ, ಉಳ್ಳಾಗಡ್ಡಿಯ ಸಿಪ್ಪೆಯೇ ವಾಸಿ.

ಈ ಅಲೆಮಾರಿ ಸೀರೆಗಳಿಗೆ ಚಿಗವ್ವ ಒಂದು ನೆಲೆ ಕೊಟ್ಟಳು. ನಮ್ಮಲ್ಲಿ ಹಂದಿಗಳು ಬರದಿರಲೆಂದು ಹೊಲದ ಸುತ್ತ ಹಳೆ ಸೀರೆ ಕಟ್ಟುತ್ತಾರಲ್ಲ, ಹಾಗೆಯೇ ಗೂಡು ಕಟ್ಟುವ ಕಾಲದಲ್ಲಿ ಕೆರೆಯ ಸುತ್ತ ಸೀರೆ ಬೇಲಿ! ದನ ಇಳಿಯಬಾರದು, ಬಲೆ ಇಳಿಯಬಾರದು, ಜನ ಇಳಿಯಬಾರದು. ಬಳಗ ಸೇರಬೇಕೆಂದರೆ ಚಂದಾ ಇಲ್ಲ. ಮನೆಗೊಂದು ಆಯೇರಿ ಸೀರೆ ಕೆರೆಗೆ ಕೊಟ್ಟರಾಯಿತು.

ಬೋನಾಳದ ಒಂದು ಮದುವೆಯಲ್ಲಿ ಅವಳು ಆಯೇರಿಯ ಸಾಲಿನಲ್ಲಿ ಕೂತೇಬಿಟ್ಟಳು. ಹೆಣ್ಣಿನ ತಾಯಿ ಬಂದು ಕೇಳಿದಳು.

"ಯಕ್ಕಾ, ನೀವು ಯಾರ ಪೈಕಿ?"

"ಕೆರಿ ಪೈಕಿ."

"ಕೆರಿ ನಮಗ ಏನಾಗಬೇಕ್ರಿ?"

"ಮುಂಜಾನಿ ಬಾವಿ ನೀರು ಸೇದಿ ಇಷ್ಟು ಮಂದಿಗೆ ಚಾ ಮಾಡೀರಲ್ಲ, ಆ ಬಾವ್ಯಾಗ ನೀರು ಎಲ್ಲಿಂದ ಬಂತು? ಬೀಗರ ಮನಿಯಿಂದೇನು?"

ಪಕ್ಕದಲ್ಲಿ ಬೀಗರಿದ್ದರು. ಸೀರೆ ಬಂತು.

ಶಿರವಾಳದಿಂದ ಬಂದ ಇನ್ನೊಂದು ದಿಬ್ಬಣದ ಕಥೆ ಕೇಳಿ. ಮದುಮಗ ಜೀಪಿನ ಮೇಲೆ, ಮುಂದೆ ಬ್ಯಾಂಡು, ಹಿಂದೆ ಎದೆ ಗುದ್ದುವ ಡಿಜೆ. ಕೆರೆಯ ಹತ್ತಿರ ಬರುತ್ತಿದ್ದಂತೆ ರಸ್ತೆಯ ನಡುವೆ ಚಿಗವ್ವ, ತುಟಿಯ ಮೇಲೆ ಬೆರಳು! ಬ್ಯಾಂಡಿನವ ಗಾಬರಿಯಾಗಿ, "ಯಾರರ ತೀರಿಕೊಂಡಾರೇನ್ರಿ?" ಎಂದ. "ಥೂ, ಬಿಡ್ತು ಅನ್ನು! ಒಳಗ ಬಾಣಂತ್ಯಾರು ಮಲಗ್ಯಾರ" ಎಂದಳು. ಇಡೀ ದಿಬ್ಬಣ ಡೋಲನ್ನು ಕೂಸಿನಂತೆ ಎದೆಗವಚಿಕೊಂಡು ತುದಿಗಾಲಲ್ಲಿ ದಾಟಿತು. ಆ ಮದುಮಗನಿಗೆ ಮುಂದೆ ಹೆಣ್ಣುಮಗು ಹುಟ್ಟಿತಂತೆ. ಚಿಗವ್ವ ಅದನ್ನೂ ತನ್ನ ಲೆಕ್ಕಕ್ಕೇ ಹಾಕಿಕೊಂಡಳು.

ಬೇಲಿಗೆ ಒಬ್ಬರೇ ಶತ್ರು. ಕೆರೆಗೆ ಹತ್ತಿಕೊಂಡು ಭತ್ತದ ಗದ್ದೆ ಇರುವ ಸಾವಕಾರರು. ಅವರ ಬದು ಪ್ರತಿ ವರ್ಷ ಕೆರೆಯ ಕಡೆಗೆ ಸ್ವಲ್ಪ ನಡೆದುಬರುತ್ತಿತ್ತು. ಬದುವಿಗೆ ಕಾಲಿರುತ್ತವೆಯೇ? ಇದಕ್ಕೆ ಇದ್ದವು, ಜೊತೆಗೆ ಒಂದು ಸಲಿಕೆಯೂ ಇತ್ತು. ಹೀಗೇ ನಡೆದರೆ ಜೊಂಡಿನ ಭಾಗವೆಲ್ಲ ಗದ್ದೆಯಾಗುವುದು ಖಂಡಿತ. ಜೊಂಡು ಹೋದರೆ ಗೂಡು ಎಲ್ಲಿ? ಬೇಲಿ ಬಂದ ದಿನ ಸಾವಕಾರರು ಅಂಗಡಿಗೇ ಬಂದರು.

"ಯಕ್ಕಾ, ನಿನ್ನ ಸೀರಿ ನನ್ನ ಗದ್ದ್ಯಾಗ ಬಂದದ."

"ಇಲ್ರಿ ಸಾವಕಾರ್ರ, ನಿಮ್ಮ ಗದ್ದೀನೇ ಬಂದು ನನ್ನ ಕೆರಿ ಸೆರಗು ಹಿಡದದ. ಸ್ವಲ್ಪ ಬುದ್ಧಿ ಹೇಳ್ರಿ ಅದಕ್ಕ!"

ಅಂಗಡಿಯಲ್ಲಿದ್ದ ಹೆಂಗಸರೆಲ್ಲ ನಕ್ಕರು. ಊರೆಲ್ಲ ಸೀರೆ ಕೊಟ್ಟಿರುವಾಗ ತಾವೊಬ್ಬರೇ ಕೊಡದಿದ್ದರೆ ಮಾನ ಉಳಿಯುವುದಿಲ್ಲವೆಂದು ಸಾವಕಾರರೂ ಒಂದು ಕಳಿಸಿದರು. ಹಳದಿ ಬಣ್ಣ, ಕಣ್ಣು ಕುಕ್ಕುವ ಜರಿ ಅಂಚು. ಚಿಗವ್ವ ಅದರ ತುದಿಯನ್ನು ಎರಡು ಬೆರಳಲ್ಲಿ ಉಜ್ಜಿ "ಹೂಂ" ಎಂದಳು, ಅಷ್ಟೇ. ಅವರ ಗದ್ದೆಯ ಬದಿಗೇ ಕಟ್ಟಿಸಿದಳು.

ಇಲ್ಲಿಯವರೆಗೆ ನಗುತ್ತ ಬರೆದೆ. ಮುಂದಿನದನ್ನು ಬರೆಯುವ ಮೊದಲು ಎದ್ದು ನೀರು ಕುಡಿದು ಬಂದೆ. ಹೋದ ವಾರ ಒಂದು ಮದುವೆಯ ಊಟದಲ್ಲಿ, ಎಲೆಯ ಮೇಲಿನ ಬಿಸಿ ಶಿರಾದಲ್ಲಿ ಚಮಚ ಮೆಲ್ಲಗೆ ಮುಳುಗುವುದನ್ನು ನೋಡಿ ನಾನು ಬೆವತುಹೋದೆ. ಪಕ್ಕದವರು ತುಪ್ಪ ಹೆಚ್ಚಾಯಿತೇನೋ ಎಂದುಕೊಂಡರು.

ಅದು ಭಾನುವಾರದ ಬೆಳಗು. ಗಾಳಿಗೆ ಹರಿದ ಬೇಲಿ ಸರಿಪಡಿಸಲು ಹೋಗಿದ್ದೆವು: ಚಿಗವ್ವ, ನಾನು, ಮತ್ತು ಆಟೋ ಓಡಿಸುವ ಚಾಚಾ. ಚಾಚಾ ಬಳಗದ ಕಾರ್ಯದರ್ಶಿ. ಚಿಗವ್ವನನ್ನು ಆಪಾ ಎಂದು ಕರೆಯುತ್ತಾರೆ, ಅವರ ಮನೆಮಾತಿನಲ್ಲಿ ಅಕ್ಕ. ಸಾವಕಾರರು ತಮ್ಮ ಬದುವಿನ ಮೇಲೆ ನಿಂತು ಕಳೆ ತೆಗೆಯುವ ಹೆಂಗಸರ ಮೇಲೆ ಕಣ್ಣಿಟ್ಟಿದ್ದರು.

ಜೊಂಡಿನೊಳಗಿಂದ ಒಂದು ಚೀರಾಟ ಕೇಳಿತು. ಯಾರೋ ಬಿಟ್ಟುಹೋದ ನೈಲಾನ್ ಬಲೆಯಲ್ಲಿ ನೀಲಿ ಕುಪ್ಪಸದಾಕಿ ಸಿಕ್ಕಿಕೊಂಡಿತ್ತು. ಪಕ್ಕದಲ್ಲೇ ಅದರ ಗೂಡು. ಯಾರೂ ದಾಟಬಾರದೆಂದು ತಾನೇ ಕಟ್ಟಿದ ಬೇಲಿಯನ್ನು ಎತ್ತಿ ಚಿಗವ್ವ ಒಳಗೆ ನುಸುಳಿದಳು.

"ಯಕ್ಕಾ, ಆ ಕಡಿ ಹೋಗಬ್ಯಾಡ!" ಸಾವಕಾರರು ಕೂಗಿದರು. "ಮ್ಯಾಲ ಒಣಗಿದಂಗ ಕಾಣ್ತದ, ಕೆಳಗ ಬರೇ ರಾಡಿ! ನನ್ನ ಎಮ್ಮಿ ಅಲ್ಲೇ ಹೋಗ್ಯಾದ!"

"ಎಮ್ಮಿ ದಪ್ಪ ಇತ್ತು ಬಿಡ್ರಿ!" ಎಂದಳು, ಹೋಗುತ್ತಲೇ.

ಬಲೆ ಹರಿದು ಹಕ್ಕಿಯನ್ನು ಕೈಗೆ ತೆಗೆದುಕೊಂಡು ತಿರುಗುವಷ್ಟರಲ್ಲಿ ಅವಳ ಮೊಣಕಾಲು ಕಾಣಲಿಲ್ಲ. ನಾನು "ಚಿಗವ್ವ, ಹೊರಗ ಬಾ!" ಎಂದು ಕಿರುಚಿದೆ. "ಬರಾಕತ್ತೀನಿ" ಎಂದಳು. ಬಾಯಿ ಬರುತ್ತೇನೆ ಎನ್ನುತ್ತಿತ್ತು, ಮೈ ಇಳಿಯುತ್ತಿತ್ತು. ಕಾಲು ಕಿತ್ತಷ್ಟೂ ಕೆಸರು ಎಳೆಯಿತು. ಸೊಂಟ ಹೋಯಿತು. ಬಲಗೈ ಮಾತ್ರ ಮೇಲೆ, ಅದರಲ್ಲಿ ಹಕ್ಕಿ.

"ಹಿಲ್ಲಬ್ಯಾಡ್ರಿ ಆಪಾ, ಅಲುಗಾಡಬ್ಯಾಡ್ರಿ!" ಚಾಚಾ ಬೇಲಿಯ ಸೀರೆಗಳನ್ನು ಕಿತ್ತು ತುದಿಗೆ ತುದಿ ಗಂಟು ಹಾಕಿ ಎಸೆದರು. ಅವಳು ಎಡಗೈಯಲ್ಲಿ ಹಿಡಿದಳು. ನಾವು ಎಳೆದೆವು. ಪರ್ರ್!

ಕೆಸರಿನಿಂದ ಧ್ವನಿ ಬಂತು.

"ಯಾವುದು ಹರೀತು? ಹಳದಿ, ಜರಿ ಅಂಚಿಂದೇನು?"

"ಹೌದ್ರಿ ಆಪಾ."

"ಸಾವಕಾರ್ರ ಮನೀದು! ಮುಟ್ಟಿದ ದಿನಾನೇ ಗೊತ್ತಾಗಿತ್ತು ನನಗ!"

ಮುಳುಗುತ್ತಿರುವ ಹೆಂಗಸು ಆಡುವ ಮಾತೇ ಇದು! ಸಾವಕಾರರ ಮುಖ ಕೆಂಪೇರಿತು. ಬೀಗರ ಮುಂದೆಯೂ ತೆಗೆಯದ ತಮ್ಮ ತಲೆಯ ಪಟಗಾಕ್ಕೆ ಅವರು ಕೈ ಹಾಕಿದರು. ಸುತ್ತು ಬಿಚ್ಚುತ್ತ, ಬಿಚ್ಚುತ್ತ, "ಇದು ಹರಿಯಂಗಿಲ್ಲ ಯಕ್ಕಾ" ಎಂದರು. ದಪ್ಪ ನೂಲಿನ, ಉದ್ದನೆಯ ಪಟಗಾ. ಅವರ ತಲೆ ಪೂರ್ತಿ ಬೋಳೆಂದು ಊರಿಗೆ ತಿಳಿದದ್ದು ಆ ದಿನವೇ.

ಆದರೆ ಒಂದು ಕೈಯಲ್ಲಿ ಹಿಡಿದರೆ ಸಾಲದು. "ಹಕ್ಕಿ ಬಿಡ್ರಿ ಆಪಾ, ಎರಡೂ ಕೈಲೇ ಹಿಡೀರಿ!" ಎಂದರು ಚಾಚಾ.

"ರೆಕ್ಕಿಗೆ ಇನ್ನೂ ಬಲಿ ಸುತ್ತ್ಯಾದ. ಬಾಣಂತಿನ್ನ ರಾಡ್ಯಾಗ ಒಗೀಲೇನು?"

ಯಾರಾದರೂ ಹತ್ತಿರ ಹೋಗಲೇಬೇಕಿತ್ತು. ಚಾಚಾ ಆಟೋದ ಹಿಂದಿನ ಸೀಟನ್ನು ಕಿತ್ತು ತಂದು ಕೆಸರಿನ ಮೇಲೆ ಹಾಸಿದರು. ಆಮೇಲೆ ತಮ್ಮ ಹೊಟ್ಟೆ ನೋಡಿಕೊಂಡರು, ಸಾವಕಾರರ ಹೊಟ್ಟೆ ನೋಡಿದರು. ಕೊನೆಗೆ ಇಬ್ಬರೂ ನನ್ನನ್ನು ನೋಡಿದರು. ಎಂ.ಎ. ಮುಗಿಸಿದ ಮೇಲೆ ನಾನೇ ಬೇಕೆಂದು ಯಾರಾದರೂ ಆರಿಸಿದ್ದು ಅದೇ ಮೊದಲು.

ಪಟಗಾದ ತುದಿಯನ್ನು ಹಿಡಿದು ಸೀಟಿನ ಮೇಲೆ ಬೋರಲಾಗಿ ತೆವಳಿದೆ. ಸೀಟು ಪ್ರತಿ ಉಸಿರಿಗೂ ತಗ್ಗುತ್ತಿತ್ತು. ಕೆಸರು ಅವಳ ಕಂಕುಳಿಗೆ ಬಂದಿತ್ತು. ಆ ವಾಸನೆ, ಕೆಳಗೆಲ್ಲೋ ಗುಳುಗುಳು ಎನ್ನುವ ಆ ಸದ್ದು ಈಗಲೂ ಸ್ನಾನದ ಮನೆಯಲ್ಲಿ ನೀರು ಇಳಿಯುವಾಗ ನನಗೆ ಕೇಳುತ್ತದೆ. ನಾನು ಹಕ್ಕಿಯನ್ನು ತೆಗೆದುಕೊಂಡೆ. ಕೃತಜ್ಞತೆಯಿಂದ ಅದು ನನ್ನ ಹೆಬ್ಬೆರಳನ್ನು ಕಚ್ಚಿತು. ಅದನ್ನು ದುಪಟ್ಟಾದಲ್ಲಿ ಸುತ್ತಿ ಸೀಟಿನ ಮೇಲಿಟ್ಟು, ಪಟಗಾವನ್ನು ಅವಳ ಕಂಕುಳ ಕೆಳಗೆ ಸುತ್ತಿ ಗಂಟು ಹಾಕಿದೆ. ಆಗ ಚಿಗವ್ವ ಕತ್ತೆತ್ತಿ ದಡಕ್ಕೆ ಕೂಗಿದಳು: "ಸಾವಕಾರ್ರ, ನಿಮ್ಮ ತಲಿ ಭಾಳ ಹೊಳ್ಯಾಕತ್ತದ! ಮುಚ್ಚಿಕೋರಿ, ಹಕ್ಕಿ ಬೆದರತಾವ!"

ಗದ್ದೆಯ ಹೆಂಗಸರೂ ಓಡಿಬಂದಿದ್ದರು. ನಗುತ್ತಲೇ ಎಲ್ಲರೂ ಎಳೆದರು. ಕೆರೆ ಮೊದಲು ಬಿಡಲೊಲ್ಲೆ ಎಂದಿತು. ಆಮೇಲೆ ದೊಡ್ಡ ನಿಟ್ಟುಸಿರಿನಂಥ ಸದ್ದು ಮಾಡಿ ಬಿಟ್ಟುಕೊಟ್ಟಿತು. ಚಪ್ಪಲಿಗಳನ್ನು ಮಾತ್ರ ಇಟ್ಟುಕೊಂಡಿತು. ದಡಕ್ಕೆ ಬಂದವಳ ಮೊದಲ ಮಾತು: "ಬೇಲಿ ಖಾಲಿ ಆಗ್ಯಾದ. ಮೊದಲು ಸೀರಿ ಕಟ್ರಿ." ಚಾಚಾ ರೆಕ್ಕೆಗೆ ಸುತ್ತಿದ್ದ ಬಲೆ ಬಿಡಿಸಿದರು, ನೀಲಿ ಕುಪ್ಪಸದಾಕಿ ಜೊಂಡಿನೊಳಗೆ ತನ್ನ ಗೂಡಿಗೆ ಓಡಿತು.

ಪಟಗಾವನ್ನು ಅವಳು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿಸಿ ಮರಳಿಸಿದಳು. ಸಾವಕಾರರ ಬದು ಹಿಂದಕ್ಕೆ ಸರಿಯಿತು ಎಂದು ಬರೆಯಲು ನನಗೂ ಆಸೆ. ಸರಿದಿಲ್ಲ. ನಿಂತಿದೆ. ನಡೆದು ರೂಢಿಯಾದದ್ದು ನಿಲ್ಲುವುದೂ ಸಣ್ಣ ಮಾತಲ್ಲ. ಅವರು ಬೇಲಿಗೆ ಗಟ್ಟಿ ಇಳಕಲ್ ಸೀರೆಯೊಂದನ್ನು ತಂದು ಕೈಯಾರೆ ಕಟ್ಟಿದರು. ಮರುದಿನವೇ ಅದನ್ನು ಯಾರೋ ಬಿಚ್ಚಿಕೊಂಡು ಹೋದರು. ಅಷ್ಟು ಚಂದದ ಸೀರೆಯನ್ನು ಬೇಲಿಗೆ ಕಟ್ಟುವುದುಂಟೇ?

ಚಿಗವ್ವ ಈಗ ಅಂಗಡಿಗೆ ಬಂದವರಿಗೆಲ್ಲ ಈ ಕಥೆ ಹೇಳುತ್ತಾಳೆ. ಹಳದಿ ಸೀರೆ ಹರಿದದ್ದು, ಬೋಳು ತಲೆ ಹೊಳೆದದ್ದು, ನನ್ನ ಹೆಬ್ಬೆರಳು. ಬಜಾರು ಬಿದ್ದು ಬಿದ್ದು ನಗುತ್ತದೆ. ಒಂದನ್ನು ಮಾತ್ರ ಅವಳು ಹೇಳುವುದಿಲ್ಲ. ನಾನೂ ಮೇಲೆ ಬಿಟ್ಟೇ ಬರೆದೆ.

ಹಕ್ಕಿಯನ್ನು ನಾನು ತೆಗೆದುಕೊಂಡಾಗ ಖಾಲಿಯಾದ ಅವಳ ಕೈ ಪಟಗಾವನ್ನು ಹಿಡಿಯಲಿಲ್ಲ. ನನ್ನ ಮುಂಗೈಯನ್ನು ಹಿಡಿಯಿತು. ತಣ್ಣಗಿತ್ತು. ದಡದವರಿಗೆ ಕೇಳದ ಹಾಗೆ, "ಅಂಜಿಕಿ ಆಗಾಕತ್ತದ ಯವ್ವಾ, ನನ್ನ ಬಿಟ್ಟು ಹೋಗಬ್ಯಾಡ" ಎಂದಳು. ನಾನು ಹೋಗುವುದಿಲ್ಲ ಎಂದೆ. ಗಂಟು ಬಿಗಿದೆ. ಅದಾದ ಮೇಲೆಯೇ ಅವಳು ಕತ್ತೆತ್ತಿ ಆ ಬೋಳು ತಲೆಯ ಮಾತನ್ನು ಕೂಗಿದ್ದು.

ಮೊನ್ನೆ ಮತ್ತೆ ಕೆರೆಗೆ ಹೋಗಿದ್ದೆವು. ಏರಿ ಹತ್ತುವಾಗ ಚಿಗವ್ವ ಹಿಂತಿರುಗದೆ ಕೈ ಹಿಂದಕ್ಕೆ ಚಾಚಿದಳು. "ನೀ ಬೀಳ್ತಿ ಅಂತ" ಎಂದಳು. ನಾನು ಹಿಡಿದುಕೊಂಡೆ. ಬೋನಾಳಕ್ಕೆ ಹೊರಟು ಚಾಚಾನ ಆಟೋದಲ್ಲಿ ಬಂದಿದ್ದ ಹೊಸ ಹೆಂಗಸೊಬ್ಬಳು ನಮ್ಮನ್ನು ನೋಡಿ ಮಾತಿಗೆ ಕೇಳಿದಳು, "ನಿಮಗ ಹೆಣ್ಣುಮಕ್ಕಳು ಎಷ್ಟು ಮಂದಿರೀ?"

ರೂಢಿಯಂತೆ ನಾನು ಆಕಾಶ ನೋಡಿದೆ. ಚಾಚಾ ಕೂಡ ನೋಡಿದರು. ಚಿಗವ್ವ ನೋಡಲಿಲ್ಲ. ನನ್ನ ಕೈಯನ್ನು ಹಾಗೇ ಹಿಡಿದುಕೊಂಡು, "ಇಕಿನ್ನೂ ಸೇರಿಸಿ ಹೇಳಲೇನ್ರಿ?" ಎಂದಳು.